ಜನ್ಮಸ್ಥಳ: ಬೆಳಗಾವಿ

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಧಾರವಾಡದ ಮನೆಯ ಬಾಗಿಲ ಸಂದಿಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆದಿರಲಿಲ್ಲ. ಉಗುರಿದ್ದ ಜಾಗದಲ್ಲಿ ಹುಣಸೆಬೀಜದಷ್ಟು ನುಣ್ಣನೆಯ ಚರ್ಮ ಹೊಳೆಯುತ್ತಿತ್ತು. ಕಂಪ್ಯೂಟರಿನ ಕೀಲಿಮಣೆಯನ್ನು ಅವರು ಆ ಒಂದೇ ಬೆರಳಿನಿಂದ ಒತ್ತುತ್ತಿದ್ದರು. ನಾವೆಲ್ಲ ಟಪಟಪ ಕುಟ್ಟುವ ಕಡೆ ಅವರದಕ್ಕೆ ಸದ್ದೇ ಇರುತ್ತಿರಲಿಲ್ಲ. ಬೆಣ್ಣೆಯ ಮೇಲೆ ಬೆರಳಿಟ್ಟ ಹಾಗೆ.

ಆ ಬೆರಳಿನ ಮನುಷ್ಯ, ನಮ್ಮ ಕಾಕಾ, ಕಂಪ್ಯೂಟರಿಗೆ ಹೆದರಿದರು ಎಂದು ವಡೋದರಾದ ನಮ್ಮ ಕನ್ನಡ ಬಳಗದಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ಇಷ್ಟು: ಅರವತ್ನಾಲ್ಕು ಬಿಟ್‌ನ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಂಡ ಕಾಕಾ ವಾರದೊಳಗೆ ಗಾಬರಿಯಾಗಿ ಅದನ್ನು ಕಿತ್ತುಹಾಕಿದರು, ಹಳೆಯ ಮೂವತ್ತೆರಡು ಬಿಟ್‌ಗೇ ಮರಳಿದರು. ಯಾಕೆಂದು ಕೇಳಿದವರಿಗೆ, “ದೇವರು ಬಾಯಾಗ ಮೂವತ್ತೆರಡಽ ಹಲ್ಲು ಇಟ್ಟಾನ್ರಿ. ಅರವತ್ನಾಕು ಹಚ್ಚಿಕೊಂಡು ನಾ ಏನ್ ಕಡೀಲಿ?” ಎಂದರು. ಕಥೆ ಇಲ್ಲಿಗೆ ಬಂದಾಗ ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಒಂದು ಕಥೆಯನ್ನು ಹತ್ತು ಜನ ಒಂದೇ ಥರ ಹೇಳತೊಡಗಿದರೆ ನನಗೆ ಆ ಕಥೆಯ ಮೇಲೇ ಅನುಮಾನ ಬರುತ್ತದೆ. ರಿಫೈನರಿಯ ಕಂಟ್ರೋಲ್ ರೂಮಿನಲ್ಲಿ ನೌಕರಿಯ ಕಾಲವೆಲ್ಲ ಮೀಟರುಗಳ ಗೋಡೆಯೆದುರು ಕೂತು, ಒಂದು ಮುಳ್ಳು ಕೂದಲೆಳೆಯಷ್ಟು ಅಲುಗಿದರೂ ಎದ್ದು ಹೋಗಿ ನೋಡಿ ಬರುತ್ತಿದ್ದ ಇಂಜಿನಿಯರ್, ಮನೆಯ ಮೇಜಿನ ಮೇಲಿನ ಒಂದು ಡಬ್ಬಿಗೆ ಹೆದರುವುದೆಂದರೇನು? ಹೆದರಿದ್ದರು, ಅದು ಸುಳ್ಳಲ್ಲ. ಯಾವುದಕ್ಕೆ, ಯಾರ ಸಲುವಾಗಿ ಎಂಬುದು ಮಾತ್ರ ಆ ಕಥೆಯಲ್ಲಿಲ್ಲ. ಇಲ್ಲದಿರುವುದಕ್ಕೆ ಕಾರಣ ನಾನು.

ಕಾಕಾ ನಮಗೆ ಸಂಬಂಧಿಕರಲ್ಲ. ಬ್ಯಾಂಕಿನ ವರ್ಗಾವಣೆಯ ಮೇಲೆ ಅಪ್ಪ ಗದಗಿನಿಂದ ವಡೋದರಾದ ಹೊರಗಿನ ರಿಫೈನರಿ ಊರು ಕೋಯಾಲಿಗೆ ಬಂದಿಳಿದ ದಿನ, ತಮ್ಮ ಮನೆಯ ಎರಡನೆಯ ಗ್ಯಾಸ್ ಸಿಲಿಂಡರನ್ನು ತಾವೇ ಹೊತ್ತು ತಂದು ಕೊಟ್ಟು, ಜೋಳದ ಹಿಟ್ಟು ಚೆನ್ನಾಗಿ ಬೀಸುವ ಗಿರಣಿ ಎಲ್ಲಿದೆಯೆಂದು ತೋರಿಸಿದವರು. ಅಂದಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕು. ಆಮೇಲೆ ಕಾಕಾ ನಿವೃತ್ತರಾಗಿ ವಡೋದರಾದ ಗೋರ್ವಾ ಬಡಾವಣೆಯಲ್ಲಿ ಫ್ಲ್ಯಾಟು ಕೊಂಡರೂ ನಾನೂ ನನ್ನ ಅಕ್ಕನೂ ಭಾನುವಾರದ ಬೆಳಗನ್ನು ಅವರ ಮನೆಯಲ್ಲೇ ಕಳೆಯುತ್ತಿದ್ದೆವು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಯಾರಾದರೂ ಮರುಕದಿಂದ ಎತ್ತಿದರೆ ಕಾಕು, ಬರೋಡಾದ ಅರ್ಧ ಕನ್ನಡ ಹುಡುಗರು ತನ್ನ ಮನೆಯ ರೊಟ್ಟಿ ಬುಟ್ಟಿ ಖಾಲಿ ಮಾಡುತ್ತಿರುವಾಗ ಇನ್ನೂ ಬೇಕೇ ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಾಕಾ ತಿಂಡಿಪೋತರು. ಭಾನುವಾರ ಬೆಳಿಗ್ಗೆ ಕಡಲೆಹಿಟ್ಟಿನ ಗರಿಗರಿ ಫಾಫಡಾ, ಜೊತೆಗೆ ಜಲೇಬಿ; ಮಂಗಳವಾರ ಸಂಜೆ ಮೂಲೆಯ ಗಾಡಿಯ ಬಟಾಣಿ ರಸದ ಸೇವ್ ಉಸಳ್. ಮಂಗಳವಾರವೇ ಯಾಕೆಂದರೆ ಆ ಗಾಡಿಯವನು ಅಂದು ಖಾರ ಕೈಬಿಟ್ಟು ಹಾಕುತ್ತಾನೆ ಎಂಬುದು ಅವರ ಸಿದ್ಧಾಂತ. ಡಾಕ್ಟರು ಸಕ್ಕರೆ ರೋಗವೆಂದ ಮೇಲೂ ಜಲೇಬಿ ನಿಲ್ಲಲಿಲ್ಲ. ಕಾಕು ಕಾಣದಂತೆ ಅರ್ಧ ಸುರುಳಿ ನನ್ನ ತಟ್ಟೆಯಿಂದ ಹೋಗುತ್ತಿತ್ತು.

ಮತ್ತು ಅವರು ಜಾತಕ ಬರೆಯುತ್ತಿದ್ದರು. ಬರೆಯುತ್ತಿದ್ದರು ಎನ್ನುವುದು ರೂಢಿಯ ಮಾತು, ಕಂಪ್ಯೂಟರಿನಲ್ಲಿ ತೆಗೆಯುತ್ತಿದ್ದರು. ಒಂದು ರಜೆಯಲ್ಲಿ ಹುಬ್ಬಳ್ಳಿಯ ಅಂಗಡಿಯೊಂದರಿಂದ ಫ್ಲಾಪಿಗಳಲ್ಲಿ ತಂದ ಪ್ರೋಗ್ರಾಂ ಅದು. ಕಪ್ಪು ಪರದೆ, ಹಳದಿ ಕನ್ನಡ ಅಕ್ಷರ. ಹುಟ್ಟಿದ ದಿನ, ಗಳಿಗೆ, ಊರು ಕೊಟ್ಟರೆ ಕುಂಡಲಿ ಮೂಡುತ್ತಿತ್ತು. ಹಣ ಮುಟ್ಟುತ್ತಿರಲಿಲ್ಲ. ವಡೋದರಾ, ಸೂರತ್, ಅಹಮದಾಬಾದ್ ಮೂರೂ ಊರುಗಳ ಕನ್ನಡ ಮನೆಗಳಲ್ಲಿ ಮಗು ಹುಟ್ಟಿದರೆ ಅಜ್ಜಿಗೆ ಹೋಗುವ ಫೋನಿನ ಬೆನ್ನಲ್ಲೇ ಕಾಕಾಗೆ ಒಂದು ಫೋನು. ಆ ಗಳಿಗೆಗಳೆಲ್ಲ ಅವರಿಗೆ ಬಾಯಿಪಾಠ. ನಮ್ಮನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ, ನಕ್ಷತ್ರ ಹಿಡಿದು ಕರೆಯುತ್ತಿದ್ದರು. ನಾನು ಹಸ್ತಾ, ಅಕ್ಕ ಶ್ರವಣಾ. ಗುಜರಾತಿ ಗೆಳತಿಯರ ಮುಂದೆ ದಾರಿಯಲ್ಲಿ “ಏನ್ ಹಸ್ತಾ, ಹೆಂಗದೀ?” ಎಂದು ಕೂಗಿ ನನ್ನ ಮಾನ ಕಳೆಯುತ್ತಿದ್ದರು.

ಆ ಪ್ರೋಗ್ರಾಮಿನಲ್ಲಿ ಒಂದು ಕೊರತೆಯಿತ್ತು. ಮಾಡಿದವರು ಕರ್ನಾಟಕದ ಆಚೆ ಕನ್ನಡದ ಮಕ್ಕಳು ಹುಟ್ಟಬಹುದೆಂದು ಯೋಚಿಸಿರಲಿಲ್ಲವೋ ಏನೋ, ಊರುಗಳ ಪಟ್ಟಿಯಲ್ಲಿದ್ದದ್ದು ನಮ್ಮ ತಾಲ್ಲೂಕುಗಳು ಮಾತ್ರ. ಹೊಸ ಊರು ಸೇರಿಸಲು ದಾರಿಯಿರಲಿಲ್ಲ. ಹಾಗಾಗಿ ಗುಜರಾತಿನಲ್ಲಿ ಹುಟ್ಟಿದ ನಮ್ಮೆಲ್ಲರಿಗೂ ಕಾಕಾ, ಇದ್ದುದರಲ್ಲಿ ವಾಯವ್ಯದ ಕಡೆಯದು ಎಂದು, ಬೆಳಗಾವಿಯನ್ನು ಹಾಕುತ್ತಿದ್ದರು. ಕೋಯಾಲಿಯ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ಹುಟ್ಟಿದವರು, ಸೂರತ್ತಿನ ರೈಲ್ವೆ ಕ್ವಾರ್ಟರ್ಸಿನವರು, ಚಾಂದ್‌ಖೇಡಾದ ತೈಲ ಕಂಪನಿಯ ಕಾಲೊನಿಯವರು, ಎಲ್ಲರೂ ಜಾತಕದ ಪ್ರಕಾರ ಬೆಳಗಾವಿಯವರು. ಬೆಳಗಾವಿಯನ್ನು ಕಣ್ಣಲ್ಲಿ ಕಾಣದ ಒಂದು ಇಡೀ ಪೀಳಿಗೆ.

ನಾನು ಶಾಲೆಯಲ್ಲಿ ಕನ್ನಡ ಕಲಿಯಲಿಲ್ಲ. ಮನೆಯಲ್ಲಿ ಅಮ್ಮನ ಮಾತು ಇತ್ತು, ಅಕ್ಷರ ಇರಲಿಲ್ಲ. ನಾನು ಮೊತ್ತಮೊದಲು ಕೂಡಿಸಿ ಓದಿದ ಕನ್ನಡ ವಾಕ್ಯ ನನ್ನ ಜಾತಕದ ಮೇಲಿನ ಸಾಲು: ಜನ್ಮಸ್ಥಳ ಬೆಳಗಾವಿ. ಆ ಓದನ್ನು ಕಲಿಸಿದವರು ಕಾಕಾ. ಪ್ರಿಂಟರಿನ ಕಾಗದದ ಅಂಚು ಹರಿದು, ಅದರ ಮೇಲೆ ಅಕ್ಷರ ತಿದ್ದಿಸಿ. ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಆ ಅಂಚುಗಳ ಮಹಿಮೆ. ಓದಿದ ಕೂಡಲೇ ನಾನು ಕೇಳಿದ್ದು, ಇದು ತಪ್ಪಲ್ಲವೇ, ನಾನು ಹುಟ್ಟಿದ್ದು ಇಲ್ಲಿ ಎಂದು. ಕಾಕಾ ತಬ್ಬಿಬ್ಬಾಗಲಿಲ್ಲ, ಖುಷಿಪಟ್ಟರು. ಚಂದ್ರ ಎಲ್ಲಿಂದ ನೋಡಿದರೂ ಅಲ್ಲೇ ಇರುವುದರಿಂದ ನಕ್ಷತ್ರಕ್ಕೆ ಊರಿನ ಹಂಗಿಲ್ಲ; ಲಗ್ನಕ್ಕೆ ಮಾತ್ರ ಊರು ಬೇಕು, ಯಾಕೆಂದರೆ ಅದು ಮಗು ಹುಟ್ಟಿದ ಗಳಿಗೆಗೆ ಆ ಊರಿನ ಮೂಡಲ ಅಂಚಿನಲ್ಲಿ ಏಳುತ್ತಿದ್ದ ರಾಶಿ; ಬೆಳಗಾವಿಗೂ ಬರೋಡಾಕ್ಕೂ ಕೆಲವೇ ನಿಮಿಷದ ಅಂತರ, ರಾಶಿಯ ಅಂಚಿನಲ್ಲಿ ಹುಟ್ಟಿದವರಿಗಷ್ಟೇ ಫರಕು ಬಿದ್ದೀತು ಎಂದು ಬಿಡಿಸಿ ಹೇಳಿದರು. ಆಮೇಲೆ, “ನೀ ವಕೀಲಬಾಯಿ ಆಗತೀ ನೋಡು” ಎಂದರು. ಅಂದಿನಿಂದ ಜಗಳಕ್ಕೆ ನಿಂತಾಗಲೆಲ್ಲ ನಾನು ವಕೀಲಬಾಯಿ.

ನನ್ನ ಮೊದಲ ಎದುರಾಳಿ ಅವರೇ. ಕಾಲೇಜಿನಲ್ಲಿ ಡಿಬೇಟ್ ತಂಡಕ್ಕೆ ಸೇರಿದ ಮೇಲೆ ಭಾನುವಾರಗಳು ಅಖಾಡವಾದವು. ಜಾತಕ ಮೋಸ ಎಂಬುದು ನನ್ನ ಕಾಯಂ ವಿಷಯ. ಅವರು ಅದನ್ನು ನಿಜಕ್ಕೂ ನಂಬುತ್ತಿದ್ದರು, ಆದರೆ ನನ್ನ ಮೇಲೆ ಸಿಟ್ಟಾಗುತ್ತಿರಲಿಲ್ಲ. ಮುಂದಿನ ಏಟು ಎಲ್ಲಿಗೆ ಬೀಳಬೇಕೆಂದು ಅವರೇ ತೋರಿಸುತ್ತಿದ್ದರು. ವಾದ ಅರ್ಧಕ್ಕೆ ಬಂದಾಗ ಕೈಯೆತ್ತಿ, “ಕುರ್ಚಿ ಬದಲಿ” ಎನ್ನುವರು. ನಾನು ಎದ್ದು ಅವರ ಕುರ್ಚಿಯಲ್ಲಿ ಕೂತು ಅವರ ಪಕ್ಷ ಹಿಡಿಯಬೇಕು, ಅವರು ನನ್ನದನ್ನು. ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ ಆಡಲು ಬಂದ ಮೇಲೆಯೇ ಅದನ್ನು ಕಡಿಯುವ ಹಕ್ಕು ಬರುತ್ತದೆ ಎಂಬುದು ಅವರ ನಿಯಮ. ನಾನು ಗೆದ್ದ ಬಹುಮಾನಗಳೆಲ್ಲ ಆ ಎರಡು ಬೆತ್ತದ ಕುರ್ಚಿಗಳ ನಡುವೆ ಗೆದ್ದವು.

ಕಂಪ್ಯೂಟರಿನ ಪ್ರಶ್ನೆ ಬಂದದ್ದೂ ಹಾಗೆಯೇ, ವಾದವಾಗಿ. ಯಂತ್ರ ಹೊಸದೇ, ಅರವತ್ನಾಲ್ಕು ಬಿಟ್‌ಗೆ ತಯಾರಾಗಿಯೇ ಬಂದದ್ದು. ಒಳಗೆ ಹಾಕಿದ್ದು ಮಾತ್ರ ಮೂವತ್ತೆರಡರ ಸಿಸ್ಟಂ, ಯಾಕೆಂದರೆ ಹುಬ್ಬಳ್ಳಿಯ ಪ್ರೋಗ್ರಾಂ ಅದರ ಮೇಲಷ್ಟೇ ಓಡುತ್ತಿತ್ತು. ಹಾಕಿಸಿದ ಮೆಮೊರಿಯಲ್ಲಿ ಅರ್ಧ ಆ ಸಿಸ್ಟಂಗೆ ಕಾಣುತ್ತಲೇ ಇರಲಿಲ್ಲ. ಮಹಡಿ ಕಟ್ಟಿಸಿ ಮೆಟ್ಟಿಲಿಗೆ ಬೀಗ ಹಾಕಿದ್ದೀರಿ ಎಂದೆ ನಾನು. ಪಿಂಚಣಿಯ ವೆಬ್‌ಸೈಟು ಹಳೆಯ ಬ್ರೌಸರಿನಲ್ಲಿ ತೆರೆಯುವುದಿಲ್ಲ ಎಂದು ಹಟ ಹಿಡಿದಿತ್ತು. ರಾಜ್ಯೋತ್ಸವದ ಫೋಟೊಗಳನ್ನು ತೆರೆದರೆ ಯಂತ್ರ ಮುನಿದು ಕೂರುತ್ತಿತ್ತು. ಆದರೂ ಅವರು ಅಲ್ಲಾಡಲಿಲ್ಲ. ಕೊನೆಗೆ ಗೆದ್ದದ್ದು ಒಂದೇ ಮಾತು: ಹೊಸ ಜಾತಕ ಪ್ರೋಗ್ರಾಮುಗಳಲ್ಲಿ ಜಗತ್ತಿನ ಊರುಗಳೆಲ್ಲ ಇರುತ್ತವೆ, ಸರಿಯಾದ ಊರು ಕೊಟ್ಟರೆ ಸರಿಯಾದ ಉತ್ತರ ಬರುತ್ತದೆ, ನಂಬುವವರಾದರೂ ಸರಿಯಾದದ್ದನ್ನು ನಂಬಬೇಡವೇ?

“ಬರೋಡಾ ಇರತದ?” ಎಂದರು. ಇರುತ್ತದೆ ಎಂದೆ. “ಕೋಯಾಲಿ?” ಅದೂ ಇರುತ್ತದೆ ಎಂದೆ. ಅವರ ಮುಖ ನೋಡಬೇಕಿತ್ತು. ಕಾಕಾ ಹೊಸದಕ್ಕೆ ಹೆದರಿದರು ಎನ್ನುವವರು ಆ ಮುಖ ನೋಡಿಲ್ಲ.

ಇಲ್ಲಿ ಅಕ್ಕನ ಮಾತು ಹೇಳಬೇಕು. ಅವಳು ಆಗ ಸೂರತ್ತಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅದೇ ಊರಿನ ವರಾಛಾದ ವಜ್ರದ ಕಾರ್ಖಾನೆಯೊಂದರಲ್ಲಿ ಲೆಕ್ಕ ನೋಡುತ್ತಿದ್ದ, ಅಲ್ಲೇ ಬೆಳೆದ ರಾಯಚೂರಿನ ಮನೆತನದ ಹುಡುಗ ಅವಳಿಗೆ ಇಷ್ಟವಾಗಿದ್ದ. ಹುಡುಗನ ತಾಯಿ ಒಳ್ಳೆಯವರು, ಒಂದು ವಿಷಯ ಬಿಟ್ಟು. ಕುಜದೋಷವೆಂದರೆ ಅವರಿಗೆ ಸಿಡಿಲು. ಆ ದೋಷದ ಹೆಣ್ಣು ತಂದರೆ ಗಂಡನಿಗೆ ಆಯುಷ್ಯವಿಲ್ಲ ಎಂದು ನಂಬಿದ್ದರು. ಹಿಂದೆ ಅದೇ ಕಾರಣಕ್ಕೆ ಒಂದು ಸಂಬಂಧವನ್ನು ಎಲೆ ಹಾಕಿದ ಮೇಲೆ ಬಿಟ್ಟು ಎದ್ದು ಬಂದವರು. ಅಕ್ಕನ ಜಾತಕ ಹಳೆಯ ಯಂತ್ರದ್ದು. ತುಲಾ ಲಗ್ನ, ಕುಜ ಮೂರನೆಯ ಮನೆಯಲ್ಲಿ, ದೋಷವಿಲ್ಲ. ಅದನ್ನು ನೋಡಿ ಅವರು ಒಪ್ಪಿದ್ದರು. ಮಾತು ನಿಶ್ಚಯಕ್ಕೆ ಬಂದಿತ್ತು.

ಹೊಸ ಸಿಸ್ಟಂ ಹಾಕಿದವಳು ನಾನೇ. ಹಳೆಯದನ್ನು ಮುಟ್ಟದೆ ಬೇರೆ ಹಾರ್ಡ್ ಡಿಸ್ಕ್ ತಂದು ಅದರಲ್ಲಿ ಹಾಕಿದೆ. ಬೇಡವೆಂದರೆ ಡಿಸ್ಕ್ ಬದಲಿಸಿದರಾಯಿತು. ಹೊಸ ಜಾತಕ ಪ್ರೋಗ್ರಾಮನ್ನೂ ಕೊಂಡೆವು. ಮುಂದಿನ ಭಾನುವಾರ ಕಾಕಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಪೂಜೆಗೆ ಕೂತಂತೆ ಕೂತರು. ವಡೋದರಾ ಎಂಬ ಹೆಸರು ಪಟ್ಟಿಯಲ್ಲಿ ಕಂಡಾಗ ಉಗುರಿಲ್ಲದ ಬೆರಳನ್ನು ಪರದೆಯ ಮೇಲೇ ಇಟ್ಟು ಕಾಕುವನ್ನು ಕರೆದು ತೋರಿಸಿದರು. ಮೊದಲು ನನ್ನದು ತೆಗೆದರು. ಏನೂ ಬದಲಾಗಲಿಲ್ಲ. ಮೇಲಿನ ಮಹಡಿಯವರ ಮಗನದು, ಬದಲಾಗಲಿಲ್ಲ. ಸ್ಟೇಟ್ ಟ್ರಾನ್ಸ್‌ಪೋರ್ಟಿನ ಕಂಡಕ್ಟರನಂತೆ ಒಬ್ಬೊಬ್ಬರನ್ನೇ ಬೆಳಗಾವಿಯಿಂದ ಇಳಿಸಿ ಬರೋಡಾಕ್ಕೆ ಹತ್ತಿಸುತ್ತ, “ಬೆಳಗಾವಿ ಮೋಸ ಮಾಡಿಲ್ಲ ನೋಡವಾ” ಎಂದು ಬೀಗಿದರು.

ಆಮೇಲೆ ಅಕ್ಕನದು.

ಕುಂಡಲಿ ಮೂಡಿತು. ಕಾಕಾ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಗಳಿಗೆಯನ್ನು ಅಳಿಸಿ ಮತ್ತೆ ಅದನ್ನೇ ಒತ್ತಿದರು. ಲಗ್ನ ತುಲಾ ಅಲ್ಲ, ಕನ್ಯಾ. ಅಕ್ಕ ಹುಟ್ಟಿದ್ದು ಸರಿಯಾಗಿ ಅಂಚಿನಲ್ಲಿ. ಊರು ಬದಲಾಗಿ ಒಂದು ಮನೆ ಹಿಂದೆ ಸರಿದಿತ್ತು. ಲಗ್ನ ಸರಿದರೆ ಎಣಿಕೆ ಸರಿಯುತ್ತದೆ. ಕುಜ ಈಗ ನಾಲ್ಕನೆಯ ಮನೆ. ದೋಷ. ಅಷ್ಟು ಓದುವುದನ್ನು ನನಗೆ ಕಲಿಸಿದವರೂ ಅವರೇ.

ನಂಬದವಳು ನಾನು. ನಗಬೇಕಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ವಾದಕ್ಕೆ ಬೇಕಿತ್ತೇ? ಊರಿನ ಹೆಸರು ಬದಲಾದರೆ ಗಂಡನ ಆಯುಷ್ಯ ಬದಲಾಗುವ ಶಾಸ್ತ್ರ! ಯಾವ ವೇದಿಕೆಯ ಮೇಲಾದರೂ ಇದೊಂದೇ ಉದಾಹರಣೆಯಿಂದ ಗೆಲ್ಲಬಹುದಿತ್ತು. ನಾನು ನಗಲಿಲ್ಲ.

“ಕಾಕಾ, ಇದನ್ನ ತಗದುಬಿಡ್ರಿ. ಹಳೇದನ್ನ ಹಾಕ್ರಿ,” ಎಂದೆ.

“ಯಾಕವಾ? ಸರಿಯಾದ ಊರು, ಸರಿಯಾದ ಉತ್ತರ ಅಂದಾಕಿ ನೀನಽ.”

“ಯಾವ ಊರು ಹಾಕಿದ್ರೂ ಇದು ಸುಳ್ಳೇ ಕಾಕಾ. ಎರಡೂ ಸುಳ್ಳು. ಅಂದಮ್ಯಾಲ ಅಕ್ಕಗ ಅನುಕೂಲಾದ್ದು ಇರ್ಲಿ.”

ಅಡುಗೆಮನೆಯಿಂದ ಕಾಕು, ಫಾಫಡಾ ಆರುತ್ತದೆಂದು ಕೂಗಿದ್ದು ಕೇಳಿತು.

“ನಿನಗ ಎರಡೂ ಸುಳ್ಳು,” ಎಂದರು ಕಾಕಾ. “ಆರಿಸಿಕೊಳ್ಳಲಿಕ್ಕೆ ತ್ರಾಸಿಲ್ಲ. ನನಗ ಇದರಾಗ ಒಂದು ಖರೇ ಅದ.”

ನಾವಿಬ್ಬರೂ ಎದ್ದಿರಲಿಲ್ಲ, ಆದರೆ ಕುರ್ಚಿ ಬದಲಾಗಿತ್ತು. ಜಾತಕಕ್ಕೆ ಹೆದರಿ ಬೇಡುತ್ತಿದ್ದವಳು ನಾನು. ನಾನು ಇನ್ನೇನೇನು ಹೇಳಿದೆನೋ ಎಲ್ಲ ನೆನಪಿಲ್ಲ. ಅಕ್ಕನ ಹೆಸರು ಹೇಳಿದೆ, ಆ ಎಲೆ ಬಿಟ್ಟು ಎದ್ದು ಬಂದ ಕಥೆ ಹೇಳಿದೆ, ಅಕ್ಕನಿಗೆ ಇದನ್ನು ತಿಳಿಸಬಾರದು ಎಂದೆ. ಅತ್ತೆನೆಂದು ಕಾಣುತ್ತದೆ. ಅವರು ನನ್ನೊಡನೆ ವಾದಿಸಲಿಲ್ಲ. ಅಷ್ಟು ವರ್ಷಗಳಲ್ಲಿ ಅವರು ವಾದಿಸದೆ ಬಿಟ್ಟದ್ದು ಅದೊಂದೇ ಸಲ. ಯಂತ್ರ ಬಂದ್ ಮಾಡಿ, ಸ್ಕ್ರೂಡ್ರೈವರ್ ತರಿಸಿ, ಹೊಸ ಡಿಸ್ಕನ್ನು ತಾವೇ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರು. ಅಂದು ಜಲೇಬಿ ಮುಟ್ಟಲಿಲ್ಲ.

ಎರಡು ದಿನ ಕಳೆದು ಸೂರತ್ತಿನಿಂದ ಹುಡುಗನ ತಾಯಿಯ ಫೋನು ಬಂತು. ಕಾಕಾ ಹೊಸ ಕಂಪ್ಯೂಟರ್ ಹಾಕಿಸಿದ್ದಾರೆ, ಅದರಲ್ಲಿ ಎಲ್ಲ ಊರೂ ಇದೆಯಂತೆ ಎಂಬ ಸುದ್ದಿ ಆಗಲೇ ಬಳಗದಲ್ಲಿ ಹರಡಿತ್ತು. ಹರಡಿದವರು ಹಿಂದಿನ ವಾರ ಸ್ವತಃ ಕಾಕಾ. ನಿಶ್ಚಯಕ್ಕೆ ಮೊದಲು ಅದರಲ್ಲೂ ಒಮ್ಮೆ ತೆಗೆಸಿ ಕಳಿಸಿ ಎಂದು ಕೇಳಿದರು. ನಾನು ಅಲ್ಲೇ ಇದ್ದೆ. ಕಾಕಾ ಫೋನನ್ನು ಕಿವಿ ಬದಲಿಸಿ ಹಿಡಿದು, ಆ ಹಲ್ಲಿನ ಮಾತನ್ನು ಮೊದಲ ಸಲ ಆಡಿದ್ದು ಆಗ. ಆ ಕಡೆ ನಕ್ಕದ್ದು ನನಗೂ ಕೇಳಿಸಿತು. ಹೊಸದು ತಲೆಗೆ ಹತ್ತಲಿಲ್ಲ, ವಯಸ್ಸಾಯಿತು, ಕಿತ್ತು ಹಾಕಿದೆ ಎಂದರು. ಹಳೆಯದೇ ಸಾಕು ಬಿಡಿ, ನಿಮ್ಮ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಆಕೆ ಸಮಾಧಾನ ಮಾಡಿದರು.

ಹೀಗೆ ಕಥೆ ಹುಟ್ಟಿತು. ಮೀಟರಿನ ಮುಳ್ಳು ಒಂದು ಕೂದಲು ತಪ್ಪಿದರೆ ನಿದ್ದೆ ಬಿಡುತ್ತಿದ್ದ ಮನುಷ್ಯ ದಡ್ಡನ ಟೋಪಿ ಹಾಕಿಕೊಂಡು ಊರೆಲ್ಲ ತಿರುಗಿದರು. ಬಳಗದ ಹುಡುಗರು ಎದುರಿಗೇ ಛೇಡಿಸಿದರು. ನಾನೂ ಆ ನಗೆಯಲ್ಲಿ ಸೇರಿಕೊಂಡೆ. ಸೇರದಿದ್ದರೆ ಅನುಮಾನ ಬರುತ್ತದಲ್ಲ.

ಮದುವೆ ಸೂರತ್ತಿನಲ್ಲಾಯಿತು. ಕಾಕಾ ಮದುಮಗನಿಗೆ ಕೊಟ್ಟ ಉಡುಗೊರೆ ಹೆಲ್ಮೆಟ್ಟು. ಒಳ್ಳೆಯ ದಪ್ಪನೆಯ, ದುಬಾರಿ ಹೆಲ್ಮೆಟ್ಟು, ಮೇಲೆ ಕುಂಕುಮ ಹಚ್ಚಿ. ಮಂಟಪವೆಲ್ಲ ನಕ್ಕಿತು, ಫೋಟೊಗ್ರಾಫರ್ ಅದನ್ನು ಬಾಸಿಂಗದ ಮೇಲೆ ಹಾಕಿಸಿ ಫೋಟೊ ತೆಗೆದ. ಬಳಗಕ್ಕೆ ಎರಡನೆಯ ಕಥೆ ಸಿಕ್ಕಿತು. ಆಮೇಲೂ ವಾರಕ್ಕೊಮ್ಮೆ ಭಾವನಿಗೆ ಅವರ ಫೋನು ಹೋಗುತ್ತಿತ್ತು: ಹೈವೇ ಮೇಲೆ ಬೈಕ್ ಬೇಡ, ಸಂಕ್ರಾಂತಿಯ ಉತ್ತರಾಯಣ ಹಬ್ಬದ ದಿನಗಳಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊ, ಗಾಳಿಪಟದ ಗಾಜುಪುಡಿ ಹಚ್ಚಿದ ಮಾಂಜಾ ದಾರ ಕೆಟ್ಟದ್ದು. ನಿಮ್ಮ ಕಾಕಾಗೆ ನಾನು ಸಕ್ಕರೆ ಗೊಂಬೆಯಂತೆ ಕಾಣುತ್ತೇನೋ ಏನೋ ಎಂದು ಭಾವ ಹೇಳಿದಾಗಲೆಲ್ಲ ನಾನು ಮಾತು ತಿರುಗಿಸುತ್ತಿದ್ದೆ. ಆ ಕಾಳಜಿಯ ಅರ್ಥ ಗೊತ್ತಿದ್ದವಳು ನಾನೊಬ್ಬಳೇ.

ಅವರು ಆಮೇಲೆ ಯಾರಿಗೂ ಜಾತಕ ಕೂಡಿಸಿ ಕೊಡಲಿಲ್ಲ. ಕಣ್ಣು ಮಂಜು, ಯಂತ್ರ ನಿಧಾನ, ಏನೋ ಒಂದು ನೆಪ. ಭಾನುವಾರದ ವಾದ ನಡೆಯಿತು, ಆದರೆ ಜಾತಕದ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನನಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿ ಚಾಂದ್‌ಖೇಡಾದಲ್ಲಿ ಮನೆ ಹಿಡಿದೆ. ಭಾನುವಾರಗಳು ತಿಂಗಳಿಗೊಂದಾದವು.

ಕಾಕಾ ತೀರಿಕೊಂಡದ್ದು ಈ ಸಲದ ಉತ್ತರಾಯಣದ ಮರುವಾರ, ಗಿಡಗಳಲ್ಲಿ ಹರಿದ ಗಾಳಿಪಟಗಳು ಇನ್ನೂ ನೇತಾಡುತ್ತಿದ್ದಾಗ. ಸಕ್ಕರೆ ರೋಗ ಮೂತ್ರಪಿಂಡಕ್ಕೆ ಇಳಿದಿತ್ತು. ಬಳಗದ ಸಂತಾಪ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಅವರ ಸಿಲಿಂಡರ್, ಅವರ ರೊಟ್ಟಿ, ಅವರು ಕೂಗುತ್ತಿದ್ದ ನಕ್ಷತ್ರಗಳನ್ನು ನೆನೆದರು. ಸೂರತ್ತಿನಿಂದ ಬಂದಿದ್ದ ಅಕ್ಕನ ಅತ್ತೆ ಎದ್ದು, ಕಣ್ಣೊರೆಸಿಕೊಳ್ಳುತ್ತಲೇ ಹಲ್ಲಿನ ಕಥೆ ಹೇಳಿದರು. ಅಳುತ್ತಿದ್ದವರೆಲ್ಲ ನಕ್ಕರು. ಆಮೇಲೆ ಅವರೇ ನನ್ನ ಕಡೆ ತಿರುಗಿ, “ನೀ ಮಾತಾಡವಾ. ಡಿಬೇಟಿನಾಕಿ ನೀನು, ನಿನ್ನಷ್ಟು ಛಲೋ ಯಾರು ಹೇಳ್ತಾರ?” ಎಂದರು.

ನಂಬದ ವಿಷಯದ ಪರವಾಗಿ ಏಳು ನಿಮಿಷ ಮಾತಾಡಬಲ್ಲೆ ನಾನು, ಎಷ್ಟೋ ಸಲ ಆಡಿದ್ದೇನೆ. ಅಂದು ನಂಬಿದ ವಿಷಯವಿತ್ತು. ಕಾಕಾ ಹೆದರುಪುಕ್ಕರಲ್ಲ, ದಡ್ಡರಲ್ಲ ಎನ್ನಬೇಕಿತ್ತು. ಅಕ್ಕ ಎರಡನೆಯ ಸಾಲಿನಲ್ಲಿ, ತುಂಬು ಬಸುರಿ, ಅತ್ತೆಯ ಪಕ್ಕದಲ್ಲಿ ಕೂತಿದ್ದಳು. ನಾನು ಎದ್ದು ನಿಂತೆ. ಅವರು ನನಗೆ ಕನ್ನಡ ಕಲಿಸಿದರು ಎಂದೆ. ವಾದ ಕಲಿಸಿದರು ಎಂದೆ. ಸಭೆ ಕಾಯುತ್ತಿತ್ತು. ಹೇಳಿ ಮುಗಿಸಲು ಒಂದು ಸಾಲು ಬೇಕಿತ್ತು, ನಾಲಿಗೆಗೆ ಸಿಕ್ಕಿದ್ದು ಹೆಲ್ಮೆಟ್ಟಿನ ಕಥೆ. ಅದನ್ನು ಹೇಳಿದೆ. ಚೆನ್ನಾಗಿಯೇ ಹೇಳಿದೆ. ಎಲ್ಲರೂ ನಕ್ಕರು, ಭಾವನೂ ನಕ್ಕ. ಕುಳಿತಾಗ ಮುಖದ ಮೇಲೆ ಯಾರೋ ಬಿಸಿ ಬೂದಿ ಎರಚಿದ ಹಾಗಿತ್ತು.

ಸಭೆ ಮುಗಿದ ಮೇಲೆ ಕಾಕು ಕಂಪ್ಯೂಟರನ್ನು ನನಗೆ ಒಪ್ಪಿಸಿದರು. ಚೀಲದಲ್ಲಿ ಸುತ್ತಿದ್ದ ಆ ಎರಡನೆಯ ಡಿಸ್ಕನ್ನೂ ಜೊತೆಗೆ ಕೊಟ್ಟರು. ವಕೀಲಬಾಯಿಗೇ ಸೇರಬೇಕೆಂದು ಕಾಕಾ ಹೇಳಿದ್ದರಂತೆ. ವೈರುಗಳನ್ನು ಸುತ್ತುತ್ತ ಕಾಕು, ತಮ್ಮಷ್ಟಕ್ಕೇ ಎಂಬಂತೆ, ಒಂದು ಮಾತು ಹೇಳಿದರು.

“ಸಕ್ಕರಿ ರೋಗದವರು ಉಪವಾಸ ಮಾಡತಾರೇನವಾ? ಶ್ರವಣಾನ ಮದುವಿ ಆದಾಗಿಂದ ಮಂಗಳವಾರ ಒಂದ ಹೊತ್ತು. ಸೇವ್ ಉಸಳ್ ಬಿಟ್ರು. ತೊಗರಿಬ್ಯಾಳಿ ಕಟಗೊಂಡು ಹೋಗಿ ಹನುಮಪ್ಪನ ಗುಡಿಯಾಗ ಕೊಟ್ಟು ಬರತಿದ್ರು. ಡಾಕ್ಟರು ಬೈದ್ರು, ನಾ ಬೈದೆ. ಏನ್ ಕೇಳಿದ್ರೂ, ಒಂದು ತಪ್ಪು ಅದ, ತುಂಬಲಿಕತ್ತೀನಿ ಅಂತಿದ್ರು. ಯಾರ ತಪ್ಪೋ.”

ಮಂಗಳವಾರ ಕುಜನ ವಾರ. ತೊಗರಿ ಕುಜನ ಧಾನ್ಯ. ಕಾಕುಗೆ ಅದು ಹೊಳೆದಿರಲಿಲ್ಲವೋ, ಹೊಳೆದೂ ನನ್ನ ಮುಖ ನೋಡದೆ ಹೇಳಿದರೋ ತಿಳಿಯದು. ನಾನು ವೈರು ಸುತ್ತಿದೆ.

ವಾದ ನನಗೆ ಬರುತ್ತದೆ, ಹಾಗಾಗಿ ನನ್ನ ಪರವಾಗಿ ವಾದಿಸಿಕೊಂಡಿದ್ದೇನೆ. ವಾರಕ್ಕೊಂದು ಉಪವಾಸದಿಂದ ಯಾರೂ ಸಾಯುವುದಿಲ್ಲ. ಜಲೇಬಿಗಳ ಪಾಲೂ ಅದರಲ್ಲಿ ಇದ್ದೀತು. ಹಾಗೆ ಮಾಡಿ ಎಂದು ನಾನು ಹೇಳಿರಲಿಲ್ಲ. ಅಕ್ಕ ಸುಖವಾಗಿದ್ದಾಳೆ, ಭಾವ ಗಟ್ಟಿಯಾಗಿದ್ದಾನೆ. ಎಲ್ಲ ಸರಿ. ಆದರೆ ಕುರ್ಚಿ ಬದಲಿಸಿ ಕೂತ ಕ್ಷಣ ಇದೆಲ್ಲ ನಿಲ್ಲುವುದಿಲ್ಲ. ಆ ಸುಳ್ಳಿನಿಂದ ನನ್ನ ಒಂದು ಕೂದಲೂ ಕೊಂಕಲಿಲ್ಲ, ಯಾಕೆಂದರೆ ನನಗದು ಕಾಗದ. ನಂಬಿದವರಿಗೆ ಹೊರಿಸಿ ನಾನು ಹಗುರವಾಗಿ ನಡೆದು ಬಂದೆ. ಇಂದಿಗೂ ಜಾತಕದ ವಿರುದ್ಧ ಮಾತಾಡು ಎಂದರೆ ಮಾತಾಡುತ್ತೇನೆ. ಮಾತು ಸರಿಯಾಗಿಯೇ ಇರುತ್ತದೆ. ಆಡುವ ಬಾಯಿ ಯಾವುದೆಂದು ನನಗೆ ಗೊತ್ತಿದೆ.

ಈ ಯಂತ್ರ ಈಗ ಚಾಂದ್‌ಖೇಡಾದ ನನ್ನ ಕೋಣೆಯಲ್ಲಿದೆ. ಇದನ್ನು ಅರವತ್ನಾಲ್ಕಕ್ಕೆ ಏರಿಸು, ಇಲ್ಲವೇ ಗುಜರಿಗೆ ಹಾಕು ಎಂದು ಜೊತೆಯಲ್ಲಿರುವ ಹುಡುಗಿ ದಿನಾ ಹೇಳುತ್ತಾಳೆ. ಹಳೆಯ ಡಿಸ್ಕ್ ಒಳಗಿದೆ, ಹೊಸದು ಮೇಜಿನ ಮೇಲೆ, ಅದೇ ಚೀಲದಲ್ಲಿ.

ಮೊನ್ನೆ ಅಕ್ಕನಿಗೆ ಮಗಳು ಹುಟ್ಟಿದಳು, ಸೂರತ್ತಿನ ಆಸ್ಪತ್ರೆಯಲ್ಲಿ. ಅತ್ತೆಗೆ ಮೊಮ್ಮಗಳ ಜಾತಕ ಬೇಕು. ಮೊಬೈಲಿನಲ್ಲಿ ಕ್ಷಣದಲ್ಲಿ ಬರುತ್ತದೆ ಎಂದು ಭಾವ ಹೇಳಿದನಂತೆ. ಬೇಡ, ಕಾಕಾನ ಯಂತ್ರದಲ್ಲೇ ತೆಗೆಸಿ, ಅದು ಸುಳ್ಳು ಹೇಳುವುದಿಲ್ಲ ಎಂದರಂತೆ. ಅಕ್ಕ ನನಗೆ ಸಂದೇಶ ಕಳಿಸಿದಳು. ದಿನ ಇದೆ, ನಿಮಿಷದವರೆಗೆ ಗಳಿಗೆ ಇದೆ, ಮಗುವಿನ ತೂಕವೂ ಇದೆ. ಊರು ಬರೆದಿಲ್ಲ. ಬಾಣಂತಿಯ ಮರೆವು ಇರಬಹುದು. ಅಥವಾ ಕಾಕಾ ಅವಳಿಗೆ ಯಾವತ್ತೋ ಹೇಳಿದ್ದರೇ?

ಹೊಸದಾಗಿ ಹುಟ್ಟಿದ ಆ ಹುಡುಗಿ ರಾಶಿಯ ನಡುವಿನಲ್ಲಿದ್ದಾಳೋ ಅಂಚಿನಲ್ಲಿದ್ದಾಳೋ ನಾನು ನೋಡಿಲ್ಲ. ಕಪ್ಪು ಪರದೆಯ ಮೇಲೆ ಜನ್ಮಸ್ಥಳ ಎಂಬ ಹಳದಿ ಪದದ ಮುಂದೆ ಗೆರೆ ಮಿನುಗುತ್ತಿದೆ. ಇದರಲ್ಲಿ ಬೆಳಗಾವಿ ಇದೆ; ಸೂರತ್ ಇರುವುದು ಮೇಜಿನ ಮೇಲಿನ ಚೀಲದಲ್ಲಿ. ನಾನು ಅಕ್ಕನಿಗೆ ಫೋನು ಹಚ್ಚಿದೆ. ಮಗು ಅಳುತ್ತಿತ್ತು, ಅವಳು ಸಮಾಧಾನ ಮಾಡುತ್ತಿದ್ದಳು, ಹಿಂದೆ ಅತ್ತೆಯ ದನಿ ಕೇಳುತ್ತಿತ್ತು. ಮಗುವಿನ ಅಳು ತಗ್ಗಿದ ಮೇಲೆ ಕೇಳಿದೆ.

“ಅಕ್ಕಾ, ಹುಟ್ಟಿದ ಊರು ಯಾವುದು ಅಂತ ಹಾಕಲಿ?”